ಸೇರು ಯಾರ ಕೈಯಲ್ಲಿ?

ನಮ್ಮ ಸಂಘದ ಕಳೆದ ವಾರ್ಷಿಕ ಮಹಾಸಭೆಯಲ್ಲಿ ನಾನೊಂದು ಠರಾವು ಮಂಡಿಸಬೇಕೆಂದಿದ್ದೆ. ಮೊಬೈಲ್ ಕಂಪನಿಗಳ ದರನೀತಿಯನ್ನು ಕುರಿತದ್ದು. ‘ಇದು ಸಂಘದ ವ್ಯಾಪ್ತಿಗೆ ಬಾರದ ವಿಷಯ’ ಎಂಬ ಒಂದೇ ವಾಕ್ಯದಲ್ಲಿ ಅದು ಬದಿಗೆ ಸರಿಯಿತು. ಸಭೆ ಮುಗಿದು ಉಪ್ಪಿಟ್ಟು-ಕಾಫಿಯ ಸರದಿ ಬಂದಾಗ ಹಿರಿಯ ಸದಸ್ಯರೊಬ್ಬರು, ನನ್ನ ಮೇಲೆ ವಿಶ್ವಾಸವುಳ್ಳವರೇ, ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಜಗತ್ತಿನಲ್ಲೇ ಅಗ್ಗದ ಡೇಟಾ ನಮ್ಮಲ್ಲಿ ಸಿಗುತ್ತದೆ. ಒಂದು ಜಿಬಿಗೆ ಒಂದು ಕಟಿಂಗ್ ಚಹಾದ ಬೆಲೆಯೂ ಇಲ್ಲ. ಜನ ಹೆಚ್ಚು ಬಳಸುತ್ತಾರೆ, ಅದಕ್ಕೆ ತಕ್ಕಂತೆ ಕಂಪನಿಯವರು ದರ ಹೊಂದಿಸುತ್ತಾರೆ. ಇದರಲ್ಲಿ ಅನ್ಯಾಯ ಎಲ್ಲಿ ಬಂತು ಸ್ವಾಮಿ?”

ಆ ಪ್ರಶ್ನೆಗೆ ಅಲ್ಲಿ ನಿಂತು ಉತ್ತರಿಸಲು ಆಗಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹಿರಿಯರ ಮಾತಿನ ಮೊದಲ ಭಾಗವನ್ನು ನಾನು ಅಲ್ಲಗಳೆಯುವುದಿಲ್ಲ. ಡೇಟಾ ಅತಿ ಅಗ್ಗವಾಗಿ ಸಿಗುವ ದೇಶಗಳಲ್ಲಿ ನಮ್ಮದೂ ಒಂದು. ನನ್ನ ತಕರಾರು ಎರಡನೆಯ ಭಾಗದ ಮೇಲೆ. ಬಳಕೆ ಬದಲಾದಂತೆ ದರ ಬದಲಾಗುತ್ತದೆ ಎಂಬುದು ಅರ್ಧ ಸತ್ಯ. ದರದ ಹಿಂದೆ ನಿಂತಿರುವ ಅಳತೆಯೇ ಬದಲಾಗುತ್ತಿದೆ. ನಾವು ಯಾವುದನ್ನು ಬಿಟ್ಟು ಬದುಕಲಾರೆವೋ ಅದನ್ನು ಕಂಡುಹಿಡಿದು, ಅದಕ್ಕೊಂದು ಹೊಸ ಸೇರು ಮಾಡಿ, ಅದರಿಂದ ನಮಗೆ ಅಳೆದು ಕೊಡಲಾಗುತ್ತಿದೆ. ಗೇಣಿಯ ಕಾಲದಲ್ಲಿ ನಮ್ಮ ಕರಾವಳಿಯ ಹಿರಿಯರು ಹೇಳುತ್ತಿದ್ದ ಮಾತೊಂದಿದೆ: ಧಣಿಗಳ ಮನೆಯಲ್ಲಿ ಅಳೆದು ಕೊಳ್ಳುವ ಸೇರೇ ಬೇರೆ, ಅಳೆದು ಕೊಡುವ ಸೇರೇ ಬೇರೆ. ಅಕ್ಕಿಯ ಧಾರಣೆ ಎಷ್ಟೆಂದು ಕೇಳುವ ಮೊದಲು ಸೇರು ಯಾರ ಕೈಯಲ್ಲಿದೆಯೆಂದು ನೋಡಬೇಕು. ಈ ಲೇಖನದ ವಾದ ಇಷ್ಟೆ.

*

ಹೊರನಾಡಿನಲ್ಲಿ ನೆಲೆಸಿದ ನಮ್ಮ ತಲೆಮಾರಿಗೆ ಈ ಸೇರಿನ ಪರಿಚಯ ಹೊಸದಲ್ಲ. ರಾತ್ರಿ ಹನ್ನೊಂದು ಗಂಟೆಯನ್ನು ನೆನಪಿಸಿಕೊಳ್ಳಿ. ಮುಂಬೈಯ ಉಪನಗರದ ಯಾವುದೋ ಗಲ್ಲಿಯಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಅದರೆದುರು ಸರದಿ. ಹೋಟೆಲು ಮುಚ್ಚಿ ಬಂದವರು, ಕಾರ್ಖಾನೆಯ ಪಾಳಿ ಮುಗಿಸಿದವರು, ಬ್ಯಾಂಕಿನ ಗುಮಾಸ್ತರು, ಎಲ್ಲರೂ ಕಾಲು ದರಕ್ಕಾಗಿ ಕಾದವರೇ. ಒಳಗೆ ಮಾತನಾಡುವವನ ಕಣ್ಣು ಗೋಡೆಯ ಮೇಲಿನ ಕೆಂಪು ಅಂಕಿಗಳ ಮೇಲೆ. ಅತ್ತ ಊರಿನಲ್ಲಿ, ಕುಂದಾಪುರದ ಆಚೆಗಿನ ನಮ್ಮ ಹಳ್ಳಿಯಲ್ಲಿ, ಫೋನಿದ್ದದ್ದು ಪಕ್ಕದ ಶೆಟ್ಟರ ಮನೆಯಲ್ಲಿ. ಮಗನ ಕರೆ ಬರುವ ರಾತ್ರಿ ನಮ್ಮ ತಂದೆಯವರು ಶೆಟ್ಟರ ಜಗಲಿಯಲ್ಲಿ ತೂಕಡಿಸುತ್ತ ಕೂತಿರುತ್ತಿದ್ದರು. ನಮ್ಮ ಮನೆಗಳ ಸುಖದುಃಖದ ಸಮಾಚಾರವೆಲ್ಲ ದೂರವಾಣಿ ಇಲಾಖೆಯ ದರಪಟ್ಟಿಯ ಪ್ರಕಾರ ನಡುರಾತ್ರಿಗೆ ಸರಿದುಹೋಗಿತ್ತು.

ಆ ಕಾಲವನ್ನು ನಾನು ಹೊಗಳುತ್ತಿಲ್ಲ. ದೂರ ಹೆಚ್ಚಿದಂತೆ ಪಲ್ಸಿನ ಅವಧಿ ಕುಗ್ಗುತ್ತಿತ್ತು. ಊರಿನಿಂದ ಎಷ್ಟು ದೂರ ದುಡಿಯಲು ಹೋದೆವೋ ಅಷ್ಟು ಹೆಚ್ಚು ದಂಡ ತೆರುತ್ತಿದ್ದೆವು. ಆದರೂ ಆ ದರಕ್ಕೊಂದು ತರ್ಕವಿತ್ತು. ದೂರದ ಕರೆಗೆ ತಂತಿ ಹೆಚ್ಚು ಬೇಕು, ಹಗಲಿನಲ್ಲಿ ತಂತಿಗೆ ಬೇಡಿಕೆ ಹೆಚ್ಚು, ರಾತ್ರಿ ಅದು ಖಾಲಿ. ಹೊರೆ ಇರುವ ಹೊತ್ತಿಗೆ ಹೆಚ್ಚು ದರ, ಇಲ್ಲದ ಹೊತ್ತಿಗೆ ಕಡಿಮೆ. ಆ ಪಟ್ಟಿ ಕಠೋರವಾಗಿತ್ತು, ಆದರೆ ಎಲ್ಲರಿಗೂ ಒಂದೇ ಆಗಿತ್ತು, ಬೂತಿನ ಗೋಡೆಯ ಮೇಲೆ ಅಂಟಿಸಿತ್ತು. ಈ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

1995ರಲ್ಲಿ ಎರಡು ಘಟನೆಗಳು ಹದಿನೈದು ದಿನಗಳ ಅಂತರದಲ್ಲಿ ನಡೆದವು. ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ತೆರೆಯಿತು. ಅಂದು ಮೊಬೈಲಿನವರು ನಿಮಿಷ ಮಾರಿದರು. ಕರೆ ಮಾಡಿದವನೂ ಹಣ ಕೊಡಬೇಕು, ಎತ್ತಿಕೊಂಡವನೂ ಕೊಡಬೇಕು. ಒಳಬರುವ ಕರೆ ಬಿಟ್ಟಿಯಾದದ್ದು 2003ರಲ್ಲಿ. ಅಂತರ್ಜಾಲದವರು ಗಂಟೆ ಮಾರಿದರು. ವರ್ಷಕ್ಕೆ ಇಷ್ಟು ಗಂಟೆಯೆಂದು ಕೊಂಡು, ಅದರ ಮೇಲೆ ಫೋನಿನ ಬಿಲ್ಲನ್ನೂ ತೆರಬೇಕಿತ್ತು.

ಜನರೇನು ಸುಮ್ಮನಿದ್ದರೆ? ನಿಮಿಷಕ್ಕೆ ಬೆಲೆಯಿದ್ದಾಗ ನಮ್ಮವರು ಮಿಸ್ಡ್ ಕಾಲ್ ಎಂಬ ಭಾಷೆಯನ್ನೇ ಕಟ್ಟಿದರು. ಒಂದು ರಿಂಗಾದರೆ ‘ಕ್ಷೇಮವಾಗಿ ತಲಪಿದೆ’, ಎರಡಾದರೆ ‘ನೀನೇ ಮಾಡು’. ಒಂದು ಪೈಸೆಯೂ ಕೊಡದೆ ಸಮಾಚಾರ ದಾಟಿಸಿದ ಆ ಜಾಣ್ಮೆಯನ್ನು ಕಂಪನಿಗಳೂ ನೋಡಿದವು. ಜನ ಮಾತು ಬಿಟ್ಟು ಎಸ್ಸೆಮ್ಮೆಸ್ ಹಿಡಿದಾಗ ಎಸ್ಸೆಮ್ಮೆಸ್ ಪ್ಯಾಕು ಬಂತು. ಹಾಗೆ ಕೊಂಡ ಪ್ಯಾಕು ದೀಪಾವಳಿಯ ದಿನ, ಹೊಸ ವರ್ಷದ ದಿನ ನಡೆಯುತ್ತಿರಲಿಲ್ಲ. ‘ಬ್ಲ್ಯಾಕ್‌ಔಟ್ ದಿನ’ವೆಂದು ಸಾರಿ ಅಂದು ಪೂರ್ತಿ ದರ ವಸೂಲು ಮಾಡುತ್ತಿದ್ದರು. ಶುಭಾಶಯ ಕಳಿಸುವ ದಿನವೇ ಕೊಡೆಯನ್ನು ಕಸಿದುಕೊಂಡ ಹಾಗೆ. ಬಳಕೆಗೆ ತಕ್ಕಂತೆ ದರ ಹೊಂದಿಸುವುದು ಎಂದರೇನು ಎಂಬುದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ನನಗೆ ಗೊತ್ತಿಲ್ಲ.

ಒಳ್ಳೆಯದೂ ನಡೆಯಿತು, ಹೇಳಲೇಬೇಕು. 2006ರ ಮಾರ್ಚ್ 1ರಂದು ಸಾರ್ವಜನಿಕ ವಲಯದ ಬಿಎಸ್ಎನ್ಎಲ್ ಮತ್ತು ಎಂಟಿಎನ್ಎಲ್ ‘ಒನ್ ಇಂಡಿಯಾ’ ಯೋಜನೆ ತಂದು ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಮಾಡಿದವು. 2015ರ ಜುಲೈ 3ರಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವ ಅವಕಾಶ ದೊರೆಯಿತು. ರೋಮಿಂಗ್ ಶುಲ್ಕವೂ ಮುಂದಿನ ಎರಡು ವರ್ಷಗಳಲ್ಲಿ ಹೋಯಿತು. ಹೊರನಾಡ ಕನ್ನಡಿಗನ ಮೇಲಿದ್ದ ದೂರದ ದಂಡ ಹೀಗೆ ತೊಲಗಿತು. ಆದರೆ ದೂರವನ್ನು ಅಳೆಯುವ ಸೇರು ಅಟ್ಟಕ್ಕೆ ಹೋದ ಹೊತ್ತಿಗೇ ಇನ್ನೊಂದು ಸೇರು ಅಂಗಳಕ್ಕೆ ಇಳಿಯುತ್ತಿತ್ತು.

*

ಜನ ವಾಟ್ಸಾಪಿನಲ್ಲಿ, ಸ್ಕೈಪಿನಲ್ಲಿ ಮಾತನಾಡತೊಡಗಿದಾಗ ಕಂಪನಿಗಳ ನಿಮಿಷ ಕರಗತೊಡಗಿತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಬೇರೆಯೇ ದರ ವಿಧಿಸುವುದಾಗಿ ಪ್ರಕಟಿಸಿ, ಜನ ರೊಚ್ಚಿಗೆದ್ದ ಮೇಲೆ ಹಿಂತೆಗೆದುಕೊಂಡಿತು. ಮರುವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ಬಗ್ಗೆ ಅಭಿಪ್ರಾಯ ಕೇಳಿದಾಗ ದೇಶದ ಉದ್ದಗಲದಿಂದ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಹೋದವು. ಅದರ ನಡುವೆ ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಬಂತು: ತಾನು ಆರಿಸಿದ ಕೆಲವು ತಾಣಗಳನ್ನು ಬಡವರಿಗೆ ಬಿಟ್ಟಿ ಕೊಡುತ್ತೇನೆಂಬ ಔದಾರ್ಯ. 2016ರ ಫೆಬ್ರವರಿ 8ರಂದು ಟ್ರಾಯ್ ತೀರ್ಪಿತ್ತಿತು. ಏನನ್ನು ನೋಡುತ್ತೀರಿ ಎಂಬುದರ ಮೇಲೆ ಡೇಟಾದ ದರ ಬೇರೆಬೇರೆ ಇರಕೂಡದು. ಜನಸಾಮಾನ್ಯರು ಪತ್ರ ಬರೆದು ಗೆದ್ದ ಅಪರೂಪದ ಪ್ರಸಂಗವಿದು.

ಗೆದ್ದೆವು, ಆದರೆ ಒಂದು ಬಾಗಿಲನ್ನು ಮಾತ್ರ ಮುಚ್ಚಿದ್ದೆವು. ಏನನ್ನು ನೋಡುತ್ತೇವೆ ಎಂಬುದರ ಮೇಲೆ ಭೇದ ಕೂಡದು, ಸರಿ. ಎಷ್ಟು ದಿನಕ್ಕೆ, ದಿನಕ್ಕೆಷ್ಟು, ಉಳಿದದ್ದೇನಾಗಬೇಕು ಎಂಬ ಪ್ರಶ್ನೆಗಳೆಲ್ಲ ಕಂಪನಿಗಳ ಮರ್ಜಿಗೆ ಉಳಿದವು. ನಮ್ಮ ದೇಶದಲ್ಲಿ ದರ ಕಟ್ಟುವ ಸ್ವಾತಂತ್ರ್ಯ ಕಂಪನಿಗಳದು. ಕಟ್ಟಿದ ಮೇಲೆ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ತಿಳಿಸಿದರಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಮೊದಲು ಬಿಟ್ಟಿ. ಡಿಸೆಂಬರ್ ಕೊನೆಗೆ ಮುಗಿಯಬೇಕಿದ್ದ ಬಿಟ್ಟಿ 2017ರ ಮಾರ್ಚ್‌ವರೆಗೆ ಬೆಳೆಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿಟ್ಟಿ ಕೊಡುವಾಗಲೂ ‘ದಿನಕ್ಕೆ 4 ಜಿಬಿ’ ಎಂದೇ ಕೊಟ್ಟರು, ಜನವರಿಯಿಂದ ‘ದಿನಕ್ಕೆ 1 ಜಿಬಿ’ ಎಂದರು. ಹಣ ಕೇಳುವ ಮೊದಲೇ ಸೇರಿನ ಅಳತೆಯನ್ನು ನಮ್ಮ ಕೈಗೆ ರೂಢಿ ಮಾಡಿಸಿದರು. ಬೇರೆ ಕಂಪನಿಗಳೂ ಅದೇ ಹಾದಿ ಹಿಡಿದವು. ಅಲ್ಲಿಯವರೆಗೆ ತಿಂಗಳಿಗೆ 1 ಜಿಬಿ ಕೊಂಡು ಜೋಪಾನ ಮಾಡುತ್ತಿದ್ದ ನಾವು ದಿನದ ಪಡಿಗೆ ಒಗ್ಗಿಕೊಂಡೆವು. ಸರ್ಕಾರದ ಅಂಕಿಗಳನ್ನೇ ನೋಡಿ: 2014ರಲ್ಲಿ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಇದ್ದದ್ದು 2022ರ ಹೊತ್ತಿಗೆ ಸುಮಾರು 11 ರೂಪಾಯಿಗೆ ಇಳಿಯಿತು. ತಲಾ ಬಳಕೆ ತಿಂಗಳಿಗೆ 60 ಎಂಬಿಯ ಆಸುಪಾಸಿನಲ್ಲಿದ್ದದ್ದು 2024ರ ವೇಳೆಗೆ 20 ಜಿಬಿ ದಾಟಿತು. ಹಿರಿಯರು ಹೇಳಿದ ಚಹಾದ ಲೆಕ್ಕ ಇದೇ.

ಬಳಕೆ ಬೇರೂರಿದ ಮೇಲೆ ಕೊಯ್ಲು ಶುರುವಾಯಿತು. 2019ರ ಡಿಸೆಂಬರ್, 2021ರ ವರ್ಷಾಂತ್ಯ, 2024ರ ಜುಲೈ: ಮೂರು ಏರಿಕೆಗಳು, ಪ್ರತಿ ಸಲವೂ ಖಾಸಗಿ ಕಂಪನಿಗಳೆಲ್ಲ ಕೆಲವೇ ದಿನಗಳ ಅಂತರದಲ್ಲಿ. 2024ರ ಏರಿಕೆಯಲ್ಲಿ ಜಿಯೋದ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಯೋಜನೆ 239ರಿಂದ 299 ರೂಪಾಯಿಗೆ ಏರಿತು. ಅದುವರೆಗೆ ಮಿತಿಯಿಲ್ಲದೆ ಕೊಟ್ಟಿದ್ದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕೆ ಮೇಲ್ಪಟ್ಟ ಯೋಜನೆಯವರಿಗೆ ಮಾತ್ರ ಉಳಿಸಿದರು. 2025ರ ಆಗಸ್ಟಿನಲ್ಲಿ ಎರಡು ದೊಡ್ಡ ಕಂಪನಿಗಳ ಅಂತರ್ಜಾಲ ಪಟ್ಟಿಯಿಂದ ದಿನಕ್ಕೆ 1 ಜಿಬಿಯ 249 ರೂಪಾಯಿಯ ಯೋಜನೆ ಮಾಯವಾಯಿತು. ಏಣಿಯ ಕೆಳಗಿನ ಮೆಟ್ಟಿಲನ್ನು ಕಿತ್ತರೆ ನಿಂತವರು ಮೇಲೆ ಹತ್ತಲೇಬೇಕು. ಇದನ್ನು ‘ಗ್ರಾಹಕರ ಬಳಕೆ ಹೆಚ್ಚಿದೆ’ ಎಂದು ಕರೆಯುತ್ತಾರೆ.

*

ಈಗ ಈ ದಿನದ ಸೇರನ್ನೇ ಬಿಚ್ಚಿ ನೋಡೋಣ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು ಹಾಕಿಸಿದ ಒಬ್ಬ ಸಾಮಾನ್ಯ ನೌಕರನನ್ನು ತೆಗೆದುಕೊಳ್ಳಿ. ವಾರದ ಆರು ದಿನ ಲೋಕಲ್ ರೈಲಿನಲ್ಲಿ ಜೋತಾಡುತ್ತ ಅರ್ಧರ್ಧ ಜಿಬಿ ಬಳಸುತ್ತಾನೆ. ಭಾನುವಾರ ಊರಿನಿಂದ ಬರುವ ಯಕ್ಷಗಾನದ ನೇರ ಪ್ರಸಾರ ನೋಡುತ್ತಾನೆ, ತಾಯಿತಂದೆಯರೊಡನೆ ವಿಡಿಯೋದಲ್ಲಿ ಮಾತಾಡುತ್ತಾನೆ; 4 ಜಿಬಿ ಬೇಕಾಗುತ್ತದೆ. ವಾರದ ಬಳಕೆ ಒಟ್ಟು 7 ಜಿಬಿ. ಅವನು ಹಣ ಕೊಟ್ಟು ಕೊಂಡದ್ದು ಹತ್ತೂವರೆ. ಆದರೂ ಭಾನುವಾರ ಅವನಿಗೆ ಎರಡೂವರೆ ಜಿಬಿ ಕೊರತೆ! ಆರು ದಿನಗಳಲ್ಲಿ ಉಳಿಸಿದ 6 ಜಿಬಿ ಆಯಾ ಮಧ್ಯರಾತ್ರಿಗೆ ಆವಿಯಾಗಿದೆ. ಪಡಿ ಮುಗಿದೊಡನೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ; ಚಂಡೆ-ಮದ್ದಳೆಯವರು ಕೈಯೆತ್ತಿದ ಭಂಗಿಯಲ್ಲೇ ಶಿಲೆಯಾಗುತ್ತಾರೆ. ಆಗ ಹೆಚ್ಚುವರಿ ವೋಚರು. 299ರ ಪ್ಯಾಕಿನಲ್ಲಿ 42 ಜಿಬಿ, ಎಂದರೆ ಜಿಬಿಗೆ 7 ರೂಪಾಯಿ ಚಿಲ್ಲರೆ. ಅದೇ ಕಂಪನಿಯ 1 ಜಿಬಿಯ ವೋಚರು 2024ರ ಏರಿಕೆಯ ನಂತರ 19 ರೂಪಾಯಿ. ತನ್ನದೇ ದುಡ್ಡಿನ ಡೇಟಾವನ್ನು ಕಳೆದುಕೊಂಡು, ಅದನ್ನೇ ಎರಡೂವರೆ ಪಟ್ಟು ಬೆಲೆಗೆ ಮತ್ತೆ ಕೊಳ್ಳುತ್ತಾನೆ.

ನಮ್ಮ ಓದುಗರಲ್ಲಿ ಹೋಟೆಲಿನವರು ಬಹಳ ಮಂದಿ ಇದ್ದಾರೆ. ಅವರನ್ನೇ ಕೇಳುತ್ತೇನೆ. ಹಿಂದೆ ಖಾನಾವಳಿಗಳಲ್ಲಿ ತಿಂಗಳ ಊಟಕ್ಕೆ ಹಣ ಕಟ್ಟಿದ ಬ್ರಹ್ಮಚಾರಿಗಳು ಒಂದು ದಿನ ಬಾರದಿದ್ದರೆ ‘ಖಾಡಾ’ ಹಿಡಿದು ಲೆಕ್ಕದಿಂದ ಕಳೆಯುತ್ತಿರಲಿಲ್ಲವೆ? ಬೇಯಿಸಿದ ಅನ್ನ ಹಳಸುತ್ತದೆ, ಆದರೂ ಖಾಡಾ ಕೊಡುತ್ತಿದ್ದರು. ಡೇಟಾ ಹಳಸುವ ಪದಾರ್ಥವೂ ಅಲ್ಲ. ಆದರೂ ಅದಕ್ಕೆ ಖಾಡಾ ಇಲ್ಲ.

ಕಂಪನಿಗಳ ಪಕ್ಷದಿಂದ ಬರುವ ಉತ್ತರ ನನಗೆ ಗೊತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಗೋಪುರ, ತರಂಗಾಂತರ, ಕೇಬಲ್ಲಿಗೆ ಅಪಾರ ಬಂಡವಾಳ ಬೇಕು. 2022ರ 5ಜಿ ಹರಾಜಿನಲ್ಲೇ ಒಂದೂವರೆ ಲಕ್ಷ ಕೋಟಿ ರೂಪಾಯಿಯ ತರಂಗಾಂತರ ಮಾರಾಟವಾಯಿತು. 2019ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಹಳೆಯ ಬಾಕಿಯ ಭಾರ ಬಿತ್ತು. ಹತ್ತು-ಹನ್ನೆರಡು ಕಂಪನಿಗಳಿದ್ದ ಕಡೆ ಮೂರು ಖಾಸಗಿ ಕಂಪನಿಗಳು, ಜೊತೆಗೆ ಬಡಕಲಾದ ಬಿಎಸ್ಎನ್ಎಲ್ ಉಳಿದಿವೆ. ಎಲ್ಲವೂ ನಿಜ. ಕಂಪನಿಗಳು ಬದುಕಲಿ, ದರ ಏರುವುದಾದರೆ ನೇರವಾಗಿ ಏರಲಿ, ನಾನು ಬೇಡವೆನ್ನುವುದಿಲ್ಲ. ನನ್ನ ಪ್ರಶ್ನೆ ಮಧ್ಯರಾತ್ರಿಯ ಗೆರೆಯದು. ಜಾಲದ ಮೇಲೆ ಹೊರೆ ಬೀಳುವುದು ಸಂಜೆಯ ಕೆಲವು ಗಂಟೆಗಳಲ್ಲಿ, ಎಲ್ಲರೂ ಒಟ್ಟಿಗೆ ಫೋನು ಹಿಡಿದಾಗ. ಗೋಪುರಗಳನ್ನು ಹೆಚ್ಚಿಸಬೇಕಾಗುವುದು ಆ ಹೊತ್ತಿಗಾಗಿ. ಹಾಗಿದ್ದರೆ ಹಳೆಯ ಇಲಾಖೆಯ ಹಾಗೆ ಹೊತ್ತಿಗೆ ದರ ಕಟ್ಟಬೇಕಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಬಳಸಿದರೂ ರಾತ್ರಿ ಒಂಬತ್ತಕ್ಕೆ ಬಳಸಿದರೂ ಸೇರಿನಿಂದ ಕಳೆಯುವುದು ಒಂದೇ. ಸೋಮವಾರ ನಾನು ಬಳಸದೆ ಬಿಟ್ಟದ್ದನ್ನು ಮಂಗಳವಾರ ನಡುರಾತ್ರಿ ಬಳಸಿದರೆ ಯಾವ ಗೋಪುರಕ್ಕೂ ಭಾರವಾಗದು. ಮಧ್ಯರಾತ್ರಿಯ ಗೆರೆ ಗೋಪುರದ ರಕ್ಷಣೆಗೆ ಎಳೆದದ್ದಲ್ಲ. ಉಳಿಕೆಯನ್ನು ನುಂಗುವುದಕ್ಕೆ ಎಳೆದದ್ದು.

ಉಳಿಕೆಯನ್ನು ಮುಂದಕ್ಕೊಯ್ಯುವುದು ತಾಂತ್ರಿಕವಾಗಿ ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. ವೊಡಾಫೋನ್ ಐಡಿಯಾ ಕಂಪನಿಯೇ ತನ್ನ ಕೆಲವು ಯೋಜನೆಗಳಲ್ಲಿ ವಾರದ ದಿನಗಳ ಉಳಿಕೆಯನ್ನು ಶನಿವಾರ-ಭಾನುವಾರ ಬಳಸಲು ಬಿಟ್ಟಿತು. ತಿಂಗಳ ಕೊನೆಗೆ ಬಿಲ್ಲು ಕಟ್ಟುವ ಉಳ್ಳವರ ಪೋಸ್ಟ್‌ಪೇಯ್ಡ್ ಯೋಜನೆಗಳಲ್ಲೂ ಇಂಥ ಅನುಕೂಲ ಕಂಡದ್ದಿದೆ. ಮುಂಗಡ ಹಣ ಕೊಟ್ಟವನ ಉಳಿಕೆ ಹಾಳು, ಆಮೇಲೆ ಕೊಡುವವನದು ಭದ್ರ! ಇದನ್ನು ಯಾವ ವ್ಯಾಪಾರಧರ್ಮ ಎನ್ನೋಣ?

ದಕ್ಷಿಣ ಆಫ್ರಿಕದಲ್ಲಿ 2016ರಲ್ಲಿ ‘ಡೇಟಾದ ಬೆಲೆ ಬೀಳಲೇಬೇಕು’ ಎಂಬ ಕೂಗು ಜನರಿಂದ ಎದ್ದಿತು. 2019ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯ ನಿಯಮ ಜಾರಿಗೆ ಬಂದು, ಗ್ರಾಹಕನು ಉಳಿದ ಡೇಟಾವನ್ನು ಮುಂದುವರಿಸಲು, ಅದೇ ಕಂಪನಿಯ ಇನ್ನೊಬ್ಬರಿಗೆ ವರ್ಗಾಯಿಸಲು ಕಂಪನಿಗಳು ಅವಕಾಶ ಕೊಡಲೇಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಸ್ಪರ್ಧಾ ಆಯೋಗವು, ಸಣ್ಣ ಪ್ಯಾಕು ಕೊಳ್ಳುವ ಬಡವರೇ ಪ್ರತಿ ಎಂಬಿಗೆ ಹೆಚ್ಚು ಬೆಲೆ ತೆರುತ್ತಾರೆಂದು ವಿಚಾರಣೆಯಿಂದ ಕಂಡುಕೊಂಡು ವರದಿ ಕೊಟ್ಟಿತು. ನಮ್ಮಲ್ಲೂ ಅದೇ ಕಥೆ. 2024ರ ಜುಲೈಯಲ್ಲಿ ಜಿಯೋದ ಕನಿಷ್ಠ ಯೋಜನೆ 155ರಿಂದ 189ಕ್ಕೆ ಏರಿತು. 28 ದಿನಕ್ಕೆ ಒಟ್ಟು 2 ಜಿಬಿ. ಮೇಲಿನ ಮೆಟ್ಟಿಲಿನವನಿಗಿಂತ 110 ರೂಪಾಯಿ ಮಾತ್ರ ಕಡಿಮೆ ಕೊಟ್ಟವನಿಗೆ ಸಿಗುವ ಡೇಟಾ ಇಪ್ಪತ್ತೊಂದನೆಯ ಒಂದು ಪಾಲು. ಬಿಲ್ಡಿಂಗಿನ ಕೆಲಸಕ್ಕೆಂದು ಯಾದಗಿರಿ, ಕಲಬುರಗಿಯ ಕಡೆಯಿಂದ ಮುಂಬೈ-ಪುಣೆಗೆ ಬಂದ ನಮ್ಮ ಕೂಲಿಗಳು ನಿಂತಿರುವುದು ಈ ಕೊನೆಯ ಮೆಟ್ಟಿಲಿನಲ್ಲಿ. ಅವರು ನಮ್ಮ ಸಂಘದ ಸದಸ್ಯರಲ್ಲ. ಆದರೆ ನಮಗಿಂತ ಹೆಚ್ಚು ಕನ್ನಡ ಮಾತನಾಡುವವರು ಈ ನಗರದಲ್ಲಿ ಅವರೇ.

*

ಇನ್ನು ನನ್ನ ಮನೆಯ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ನನ್ನ ಅಕ್ಕ ಊರಿನಲ್ಲಿ ಒಬ್ಬಳೇ ಇದ್ದಾಳೆ. ಎಪ್ಪತ್ತು ದಾಟಿದೆ. ಅವಳ ಬಳಿಯಿರುವುದು ಗುಂಡಿ ಒತ್ತುವ ಫೋನು. ಒಮ್ಮೆ ದೊಡ್ಡ ಫೋನು ತರುತ್ತೇನೆಂದಾಗ, “ನಂಗೆ ಅದೆಲ್ಲ ಯಾಕೆ ಮಾರಾಯ, ನಿನ್ನ ಸ್ವರ ಕೇಳಿದ್ರೆ ಸಾಕು” ಎಂದಳು. ಆ ಸ್ವರಕ್ಕಾಗಿ ನಾನು ಮುಂಬೈಯಿಂದ ಅವಳ ನಂಬರಿಗೆ ರೀಚಾರ್ಜ್ ಮಾಡುತ್ತ ಬಂದೆ. ಇನ್ನೂರರ ಆಸುಪಾಸಿನ ಪ್ಯಾಕು. ಅದರಲ್ಲಿ 2 ಜಿಬಿ ಡೇಟಾ. ಅವಳ ಫೋನಿನಲ್ಲಿ ಡೇಟಾ ನಡೆಯುವುದೇ ಇಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಒಂದೇ ವ್ಯತ್ಯಾಸವೆಂದರೆ ಹಲ್ಲಿಲ್ಲದವಳಿಂದ ಕಡಲೆಯ ದುಡ್ಡನ್ನೂ ವಸೂಲು ಮಾಡಲಾಗುತ್ತದೆ.

2024ರ ಮಳೆಗಾಲದ ಒಂದು ರಾತ್ರಿ ಅವಳು ಅಂಗಳದ ಪಾಚಿಯಲ್ಲಿ ಜಾರಿಬಿದ್ದಳು. ಕೈಯ ಮಣಿಕಟ್ಟು ಮುರಿಯಿತು. ಹೇಗೋ ಒಳಗೆ ಬಂದು ಮೂರು ಮನೆ ಆಚೆಯ ನೆಂಟರಿಗೆ ಫೋನು ಮಾಡಿದಳು. ಹೋಗಲಿಲ್ಲ. ನನಗೆ ಮಾಡಿದಳು. ಹೋಗಲಿಲ್ಲ. ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತಂತೆ. ಪ್ಯಾಕಿನ ಅವಧಿ ಎರಡು ದಿನದ ಹಿಂದೆ ಮುಗಿದಿತ್ತು. ನಾನು ತಿಂಗಳಿಗೊಮ್ಮೆ ಎಂದು ಮನಸ್ಸಿನಲ್ಲೇ ಲೆಕ್ಕ ಇಟ್ಟವನು. ಕಂಪನಿಯ ತಿಂಗಳಿಗೆ 28 ದಿನ. ಬೆಳಗ್ಗೆ ಹಾಲಿನ ಹುಡುಗ ನೋಡುವವರೆಗೆ ಅವಳು ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. 112ಕ್ಕೆ ಕರೆ ಹೋಗುತ್ತಿತ್ತು ಎಂದು ಆಮೇಲೆ ಯಾರೋ ತಿಳಿಸಿದರು. ಅವಳಿಗೆ ಬೇಕಾದದ್ದು ಮೂರನೆಯ ಮನೆ.

ತಪ್ಪಿನಲ್ಲಿ ನನ್ನ ಪಾಲಿದೆ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ 28 ದಿನದ ತಿಂಗಳನ್ನು ನಾನು ಸೃಷ್ಟಿಸಿದ್ದಲ್ಲ. ಅದು ಹನ್ನೆರಡು ತಿಂಗಳ ವರ್ಷದಲ್ಲಿ ಹದಿಮೂರು ಸಲ ಹಣ ಕಟ್ಟಿಸಿಕೊಳ್ಳುವ ಪಂಚಾಂಗ. 2022ರ ಜನವರಿಯಲ್ಲಿ ಟ್ರಾಯ್, 30 ದಿನಗಳ ಒಂದು ಯೋಜನೆ ಹಾಗೂ ಪ್ರತಿ ತಿಂಗಳ ಅದೇ ತಾರೀಖಿಗೆ ನವೀಕರಿಸಬಹುದಾದ ಒಂದು ಯೋಜನೆ ಇರಲೇಬೇಕೆಂದು ಆಜ್ಞೆ ಮಾಡಿತು. ಒಂದೊಂದು ಇವೆ. ಪಟ್ಟಿಯ ಉಳಿದ ಭಾಗವೆಲ್ಲ ಹಳೆಯ ಪಂಚಾಂಗದಲ್ಲೇ ಇದೆ.

2024ರ ಡಿಸೆಂಬರ್ 23ರಂದು ಟ್ರಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾತು ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಮೀಸಲಾದ ಯೋಜನೆ ಕೊಡಲೇಬೇಕೆಂದು ನಿಯಮ ಮಾಡಿತು. ನಮ್ಮ ದೇಶದಲ್ಲಿ ಸುಮಾರು 15 ಕೋಟಿ ಜನ ಇನ್ನೂ ಹಳೆಯ ಫೋನನ್ನೇ ಬಳಸುತ್ತಾರೆಂಬುದು ಅದರ ಹಿಂದಿನ ಕಾರಣ. ನಾನು ಸಂತೋಷಪಟ್ಟೆ. ಮರುತಿಂಗಳು ಕಂಪನಿಗಳು ಏನು ಮಾಡಿದವು ನೋಡಿ. ಏರ್‌ಟೆಲ್‌ನಲ್ಲಿ 84 ದಿನಗಳಿಗೆ 6 ಜಿಬಿ ಡೇಟಾ ಸಹಿತ 509 ರೂಪಾಯಿಯ ಯೋಜನೆಯಿತ್ತು. ಡೇಟಾ ತೆಗೆದು ಮಾತಿಗೆ ಮಾತ್ರ ಕಟ್ಟಿದ ಬೆಲೆ 499. ದರಗಳನ್ನು ಪರಿಶೀಲಿಸುತ್ತೇವೆಂದು ಟ್ರಾಯ್ ಹೇಳಿದ ಮೇಲೆ 469ಕ್ಕೆ ಇಳಿಯಿತು. ಜಿಯೋದಲ್ಲಿ 458 ಇದ್ದದ್ದು 448 ಆಯಿತು.

ಆ ಮೊದಲ 10 ರೂಪಾಯಿಯ ಮೇಲೆ ಓದುಗರು ಬೆರಳಿಟ್ಟು ನೋಡಬೇಕು. ಭಾನುವಾರ ಡೇಟಾ ಬೇಕಾದ ನೌಕರನಿಗೆ 1 ಜಿಬಿಯ ಬೆಲೆ ಇಪ್ಪತ್ತರ ಆಸುಪಾಸು. ಡೇಟಾ ಬೇಡವೆನ್ನುವ ನನ್ನ ಅಕ್ಕನಂಥವಳಿಗೆ 6 ಜಿಬಿಯ ಬೆಲೆ 10 ರೂಪಾಯಿ. ಕೊಳ್ಳುವವನಿಗೆ ಒಂದು ಸೇರು, ಹಿಂತಿರುಗಿಸುವವಳಿಗೆ ಇನ್ನೊಂದು ಸೇರು! 4ಜಿ ಜಾಲದಲ್ಲಿ ಮಾತೂ ಡೇಟಾದ ರೂಪದಲ್ಲೇ ಹರಿಯುತ್ತದೆ. ಒಂದು ನಿಮಿಷದ ಮಾತಿಗೆ 1 ಎಂಬಿಯೂ ಬೇಡ. ದಿನಕ್ಕೆ ಅರ್ಧ ಗಂಟೆ ಮಾತನಾಡಿದರೂ 84 ದಿನಕ್ಕೆ ಎರಡೂವರೆ ಜಿಬಿ ದಾಟದು. ಜಾಲದ ಮೇಲಿನ ಹೊರೆಯೇ ದರದ ಆಧಾರವಾಗಿದ್ದರೆ ಅವಳ ಬಿಲ್ಲು ಎಷ್ಟಿರಬೇಕಿತ್ತು? ಮಾತನ್ನು ‘ಉಚಿತ, ಅಪರಿಮಿತ’ ಎಂದು ಸಾರಿದ್ದು ಇವರೇ. ಉಚಿತವಾದದ್ದರಿಂದ ಡೇಟಾವನ್ನು ಕಳೆದರೆ ಉಳಿಯುವುದು 499 ರೂಪಾಯಿ. ಈ ಗಣಿತವನ್ನು ನಮ್ಮ ಶಾಲೆಯ ಮಾಸ್ತರರು ಕಲಿಸಿರಲಿಲ್ಲ.

ಮತ್ತೆ, ಈ ಯೋಜನೆಗಳು ಬಂದದ್ದು 84 ದಿನಕ್ಕೆ, ಇಲ್ಲವೆ ವರ್ಷದ ಲೆಕ್ಕಕ್ಕೆ. ಇನ್ನೂರು ರೂಪಾಯಿ ಜೋಡಿಸುವುದೇ ಕಷ್ಟವಾದವರು ಒಮ್ಮೆಲೇ ನಾನೂರೈವತ್ತು ತರುವುದೆಲ್ಲಿಂದ? ಮಗನೋ ತಮ್ಮನೋ ಪರವೂರಿನಲ್ಲಿದ್ದು ಹಣ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

*

‘ಸಂಘದ ವ್ಯಾಪ್ತಿಗೆ ಬಾರದ ವಿಷಯ’ ಎಂಬ ಮಾತಿಗೆ ಈಗ ಬರುತ್ತೇನೆ. ಹಿಂದೆ ಮುಂಬೈಯ ಹೋಟೆಲ್ ಮಾಣಿಗಳು ಹಗಲು ದುಡಿದು ರಾತ್ರಿ ಓದಲೆಂದು ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದರು. ಆ ಹುಡುಗರಿಗೆ ಕನ್ನಡ ತಲಪುವ ದಾರಿ ಅದೊಂದೇ ಆಗಿತ್ತು, ಆದುದರಿಂದ ಅದು ಸಂಘಗಳ ವ್ಯಾಪ್ತಿಗೆ ಬಂತು. ಇಂದು ಹೊರನಾಡಿನ ಕನ್ನಡ ಉಸಿರಾಡುತ್ತಿರುವುದು ಈ ತಂತಿಯಿಲ್ಲದ ತಂತಿಯ ಮೇಲೆ. ಮಕ್ಕಳ ಭಾನುವಾರದ ಕನ್ನಡ ತರಗತಿ ವಿಡಿಯೋದಲ್ಲಿ ನಡೆಯುತ್ತದೆ. ಊರಿನ ಪತ್ರಿಕೆ, ತಾಳಮದ್ದಲೆ, ಮದುವೆಯ ಕರೆಯೋಲೆ, ಸಾವಿನ ಸುದ್ದಿ ಎಲ್ಲವೂ ಅಲ್ಲಿಂದಲೇ ಬರಬೇಕು. ಹೊರನಾಡಿನ ಸಂಸಾರವೆಂದರೆ ಎರಡು ಕಡೆ ರೀಚಾರ್ಜ್ ಮಾಡುವ ಸಂಸಾರ. ಇಲ್ಲಿ ಡೇಟಾ ಸಾಲದು, ಅಲ್ಲಿ ಬೇಡದ ಡೇಟಾ ಹಾಳಾಗುತ್ತದೆ. ಎರಡರ ಬಿಲ್ಲೂ ಒಂದೇ ಜೇಬಿನಿಂದ. ಇದು ನಮ್ಮ ವ್ಯಾಪ್ತಿಗೆ ಬಾರದಿದ್ದರೆ ರಾಜ್ಯೋತ್ಸವದ ಪೆಂಡಾಲು ಮಾತ್ರ ನಮ್ಮ ವ್ಯಾಪ್ತಿಯೆ?

ನಾನು ಕೇಳುವುದು ನಾಲ್ಕೇ. ಪ್ಯಾಕಿನ ಅವಧಿ ಮುಗಿಯುವವರೆಗೆ ಉಳಿಕೆ ಉಳಿಯಲಿ, ಮಧ್ಯರಾತ್ರಿಯ ಗೆರೆ ಅಳಿಯಲಿ. ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳಾಗಲಿ. ಮಾತಿಗೆ ಮಾತ್ರದ ಯೋಜನೆ ತಿಂಗಳ ಕಂತಿನಲ್ಲಿ, ಅದರ ನಿಜವಾದ ವೆಚ್ಚಕ್ಕೆ ಹೊಂದುವ ಬೆಲೆಯಲ್ಲಿ ಸಿಗಲಿ. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಗ್ರಾಹಕನ ಭಾಷೆಯಲ್ಲಿ, ದನಿಯ ರೂಪದಲ್ಲಿ, ಮೂರು ದಿನ ಮೊದಲೇ ಬರಲಿ. ಇದರಲ್ಲಿ ಯಾವುದೂ ಕಂಪನಿಗಳನ್ನು ದಿವಾಳಿ ಮಾಡುವಂಥದ್ದಲ್ಲ.

2015ರಲ್ಲಿ ಹತ್ತು ಲಕ್ಷ ಪತ್ರಗಳು ಕೆಲಸ ಮಾಡಿದವು. ಆದರೆ ಅಂದಿನ ಪತ್ರಗಳಲ್ಲಿ ಕೋಪವಿದ್ದರೆ ಸಾಕಾಗಿತ್ತು. ಇಂದಿನವುಗಳಲ್ಲಿ ಲೆಕ್ಕ ಇರಬೇಕು. ನಾವು ಎಷ್ಟು ಬಳಸಿದೆವು, ಯಾವ ಹೊತ್ತಿಗೆ, ಎಷ್ಟು ಉಳಿಯಿತು ಎಂಬುದರ ಕಡತ ಕಂಪನಿಗಳ ಬಳಿ ಕ್ಷಣಕ್ಷಣದ ಮಟ್ಟಿಗೆ ಇದೆ. ಅದನ್ನು ನೋಡಿಯೇ ಅವರು ಮುಂದಿನ ಸೇರನ್ನು ಕಡೆಯುತ್ತಾರೆ. ನಮ್ಮ ಬಳಿ ಏನೂ ಇಲ್ಲ. ಆದುದರಿಂದ ನನ್ನ ಸೂಚನೆ ಇಷ್ಟು: ಸಂಘದ ಪ್ರತಿಯೊಂದು ಮನೆಯೂ ಆರು ತಿಂಗಳ ಲೆಕ್ಕ ಬರೆದಿಡಲಿ, ಇಲ್ಲಿಯ ಫೋನಿನದು, ಊರಿನ ಫೋನಿನದು. ಕಟ್ಟಿದ್ದೆಷ್ಟು, ಬಳಸಿದ್ದೆಷ್ಟು, ಹಾಳಾದದ್ದೆಷ್ಟು. ಮುಂದಿನ ಸಲ ಟ್ರಾಯ್ ಅಭಿಪ್ರಾಯ ಕೇಳಿದಾಗ ಈ ಲೆಕ್ಕವನ್ನು ಸಂಘದ ಮೊಹರು ಒತ್ತಿ ಕಳಿಸೋಣ. ಮುಂದಿನ ಮಹಾಸಭೆಯಲ್ಲಿ ನಾನು ಅದೇ ಠರಾವನ್ನು ಮತ್ತೆ ಮಂಡಿಸುವವನಿದ್ದೇನೆ, ಕಾರ್ಯದರ್ಶಿಗಳು ಈಗಲೇ ಗುರುತು ಹಾಕಿಕೊಳ್ಳಬಹುದು.

ನನ್ನ ಲೆಕ್ಕದ ಪುಸ್ತಕ ಅಕ್ಕ ಬಿದ್ದ ಮರುದಿನದಿಂದಲೇ ಶುರುವಾಗಿದೆ. ಮಾತಿನ ಪ್ಯಾಕಿಗೆ ಬದಲಾಯಿಸುವ ಮೊದಲು ಆರು ರೀಚಾರ್ಜ್. ಒಟ್ಟು ಸುಮಾರು 1,200 ರೂಪಾಯಿ. ಬಂದ ಡೇಟಾ 12 ಜಿಬಿ. ಬಳಸಿದ್ದು ಸೊನ್ನೆ.